ಎರಡು ಕಂಬಗಳಿಗೂ ಕೇಳಿದ್ದು

"ಗುರುಗಳೇ, ಬೆನ್ನ ಹಿಂದಿನಿಂದ ಬರುವ ದನಿಯನ್ನು ಪೂರ್ತಿ ಅಳಿಸಿಬಿಡುವುದು ಹೇಗೆ?" ಎಂದು ಕಲ್ಲೇಶ ಕೇಳಿದ.

ವಾಮದೇವಯ್ಯನವರು, ಹವ್ಯಾಸಕ್ಕಾಗಿ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಕಲಿಸುವ ಗುರುಗಳು. ಅವರ ಬಳಿ ಕಲಿತ ಕಲ್ಲೇಶ ತನ್ನ ಹಿತ್ತಲಲ್ಲಿ ಎರಡು ಆಂಟೆನಾ ಕಂಬ ನೆಟ್ಟಿದ್ದ. ಎರಡಕ್ಕೂ ಒಂದೇ ಎತ್ತರ, ಒಂದೇ ಬಲ. ಆದರೆ ಒಂದು ಕಂಬದ ದನಿ ಸುತ್ತಿಟ್ಟ ಕೇಬಲ್ಲಿನೊಳಗೆ ಹಾದು, ತುಸು ತಡವಾಗಿ ಬಂದು ಇನ್ನೊಂದರ ದನಿಯನ್ನು ಕೂಡಿಕೊಳ್ಳಬೇಕು. ಆ ತಡ ಸರಿಯಾಗಿ ಕೂತರೆ, ಮುಂದಿನಿಂದ ಬಂದ ದನಿಗೆ ಎರಡು ಕಂಬಗಳೂ ಹೆಗಲು ಕೊಡುತ್ತವೆ. ಹಿಂದಿನಿಂದ ಬಂದದ್ದನ್ನು ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತದೆ. ರೇಡಿಯೊ ಪೆಟ್ಟಿಗೆಗೆ ಬರುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ಗುಟ್ಟೆಲ್ಲ ಕೇಬಲ್ಲಿನ ಅಳತೆಯಲ್ಲಿದೆ. ಕಲ್ಲೇಶನಿಗೆ ಬೇಕಾಗಿದ್ದುದು ಆ ಅಳತೆ.

"ಹಿಂದೆ ಯಾರಿದ್ದಾರೆ?" ಎಂದು ಗುರುಗಳು ಕೇಳಿದರು.

"ಅಣ್ಣ."

ಗುರುಗಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹೋದ ವರ್ಷ ಅಪ್ಪನ ಹೆಸರಿನ ಎಡೆಯ ದಿನ ಕಲ್ಲೇಶನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅಣ್ಣ ಕಾಯದೆ ಎಡೆ ಇಟ್ಟುಬಿಟ್ಟ. ಅಪ್ಪ ಅವನೊಬ್ಬನಿಗೇ ಅಪ್ಪನೇ ಎಂದು ಕಲ್ಲೇಶ ಅಂಗಳದಿಂದಲೇ ತಿರುಗಿ ಬಂದ. ಅಂದಿನಿಂದ ಮಾತಿಲ್ಲ. ಅಣ್ಣನೂ ರೇಡಿಯೊದವನೇ. ದಿನಾ ಬೆಳಗ್ಗೆ ತಮ್ಮನ ರೇಡಿಯೊ ಗುರುತಿನ ಹೆಸರಾದ ಕಾಲ್‌ಸೈನ್ ಹೇಳಿ ಕರೆಯುತ್ತಾನೆ, ತುಸು ಹೊತ್ತು ಕಾಯುತ್ತಾನೆ, ಸುಮ್ಮನಾಗುತ್ತಾನೆ. ಆ ದನಿ ಕಿವಿಗೆ ಬಿದ್ದರೆ ಕಲ್ಲೇಶನಿಗೆ ಅನ್ನ ಸೇರುವುದಿಲ್ಲ. ಪೆಟ್ಟಿಗೆಯನ್ನೇ ಆರಿಸೋಣವೆಂದರೆ ದೂರದೇಶದ ಗೆಳೆಯರು ತಪ್ಪಿಹೋಗುತ್ತಾರೆ. ಸಿಟ್ಟೂ ಉಳಿಯಬೇಕು, ಹುಚ್ಚೂ ಉಳಿಯಬೇಕು!

ಗುರುಗಳು ಅಳತೆ ಹೇಳಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಂಡೆಯ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅಲ್ಲಿಂದ ಹರದಾರಿಗಟ್ಟಲೆ ಮೂಡಲಿಗೆ, ಅದೇ ಹೊಳೆಯ ನಡುಗಡ್ಡೆಯಲ್ಲಿ ಒಬ್ಬ ರೈತ. ಇಬ್ಬರೂ ಗಳಸ್ಯ ಕಂಠಸ್ಯ. ರೈತನಿಗೆ ರೇಡಿಯೊ ಹುಚ್ಚು ಹತ್ತಿಸಿ, ಲೈಸೆನ್ಸ್ ಪರೀಕ್ಷೆಗೆ ಕೂರಿಸಿ, ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟವನು ವ್ಯಾಪಾರಿಯೇ. ನಡುಗಡ್ಡೆಗೆ ಫೋನಿರಲಿಲ್ಲ. ಬೆಳಗಾದರೆ ರೈತ ಮೈಕು ಹಿಡಿಯುತ್ತಿದ್ದ. ಎಮ್ಮೆ ಈಯಿತು, ಬದನೆಗೆ ಹುಳ ಬಿತ್ತು, ಅಣ್ಣಾ ನಿನ್ನ ಮಂಡಿನೋವು ಹೇಗಿದೆ, ಇಂಥವೇ ಮಾತು.

ಬರಬರುತ್ತಾ ವ್ಯಾಪಾರಿಗೆ ದೂರದ ಚಪಲ ಹತ್ತಿತು. ಪಡುವಣ ದೇಶದ ದನಿ ಸಣ್ಣಗೆ ಕೇಳಿಸುವ ಹೊತ್ತಿಗೇ ರೈತನ ಎಮ್ಮೆ ಅಡ್ಡ ಬರುತ್ತಿತ್ತು. ಸಾಕು ಮಾಡಪ್ಪಾ ನಿನ್ನ ಪುರಾಣ ಎನ್ನಲು ಮುಖ ಬರಲಿಲ್ಲ. ಎರಡು ಕಂಬ ನೆಟ್ಟ. ಕೇಬಲ್ಲನ್ನು ಮತ್ತೆ ಮತ್ತೆ ಕತ್ತರಿಸಿ ನೋಡಿ, ನಡುಗಡ್ಡೆ ಸರಿಯಾಗಿ ಬೆನ್ನಿಗೆ ಬೀಳುವಂತೆ ಕೂರಿಸಿದ. ಪಡುವಣ ದಿಕ್ಕು ಬಾಗಿಲು ತೆರೆದಂತೆ ತೆರೆಯಿತು. ರೈತನ ದನಿ ನಿಂತುಹೋಯಿತು. ಇವನ ದನಿಯೂ ರೈತನಿಗೆ ಕೇಳದಾಯಿತು. ಅಣ್ಣನಿಗೆ ವ್ಯಾಪಾರದ ಗಡಿಬಿಡಿ ಇರಬೇಕು ಎಂದುಕೊಂಡು ಅವನು ಕರೆಯುತ್ತಲೇ ಇದ್ದ.

ಒಂದು ಮಳೆಗಾಲ ಹೊಳೆ ತುಂಬಿ ಬಂತು. ಹರಿಗೋಲು ಹಾಕುವಂತಿಲ್ಲ. ರೈತನ ಹೆಂಡತಿಗೆ ವಾಂತಿಭೇದಿ ಹತ್ತಿತು. ಅವನು ಮೈಕು ಹಿಡಿದು, ಅಣ್ಣಾ, ಹೇಗಾದರೂ ಒಂದು ಮೋಟಾರು ದೋಣಿ ಕಳಿಸು ಎಂದ. ಉತ್ತರವಿಲ್ಲ. ಇದು ಅಣ್ಣ ಕೂರುವ ಹೊತ್ತು, ಕೂತೇ ಇರುತ್ತಾನೆ ಎಂದು ನಂಬಿ, ಬ್ಯಾಟರಿ ಆರುವವರೆಗೂ ಕರೆದ. ವ್ಯಾಪಾರಿ ಕೂತೇ ಇದ್ದ. ಪಡುವಣ ದೇಶದವನೊಬ್ಬನನ್ನು, ನಿಮ್ಮಲ್ಲಿ ಮಳೆ ಹೇಗೆ ಎಂದು ವಿಚಾರಿಸುತ್ತಿದ್ದ.

ಹೊಳೆ ಇಳಿದ ಮೇಲೆ ರೈತ ಹೆಂಡತಿಯನ್ನು ಮಣ್ಣು ಮಾಡಿ ಪೇಟೆಗೆ ಬಂದ. ವ್ಯಾಪಾರಿಯ ಜಗಲಿಯ ಮೇಲೆ ಕೂತ.

"ಪೆಟ್ಟಿಗೆ ಕೆಟ್ಟಿತ್ತೇನಣ್ಣಾ?"

"ಇಲ್ಲಪ್ಪಾ. ನನಗೆ ಕೇಳಲಿಲ್ಲ."

ರೈತ ತಲೆಯೆತ್ತಿ ನೋಡಿದ. "ಎರಡೆರಡು ಕಂಬ ನೆಟ್ಟಿದ್ದೀಯಲ್ಲಣ್ಣಾ. ಒಂದಕ್ಕೂ ಕೇಳಲಿಲ್ಲವೇ?"

ವ್ಯಾಪಾರಿ ಜೀವಮಾನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದವನು. ಆಗ ಒಂದೂ ಬಾಯಿಗೆ ಬರಲಿಲ್ಲ.

"ಎರಡಕ್ಕೂ ಕೇಳಿತ್ತು" ಎಂದ.

ರೈತ ಎದ್ದು ಹೋದ. ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಆ ಹೆಂಗಸಿಗಾಗಿ ಕಲ್ಲೇಶನಿಗೆ ನಿಜವಾಗಿಯೂ ಸಂಕಟವಾಯಿತು. ಆದರೆ ವರ್ಷದಿಂದ ಸಾಕಿದ ಮೊಂಡುತನ ಒಂದು ಕತೆಗೆ ಬಿಟ್ಟೀತೇ? ಅವನು ಎದೆ ಗಟ್ಟಿ ಮಾಡಿಕೊಂಡ.

"ಆ ರೈತನಿಗೆ ಬೇರೆ ದಿಕ್ಕಿರಲಿಲ್ಲ ಗುರುಗಳೇ. ನಮ್ಮಣ್ಣ ಊರ ನಡುವೆ ಇದ್ದಾನೆ. ಮನೆಯಲ್ಲಿ ಫೋನಿದೆ, ಎದುರಿಗೇ ಆಸ್ಪತ್ರೆ ಇದೆ, ಕೂಗಿದರೆ ಓಡಿ ಬರುವ ಜನರಿದ್ದಾರೆ. ನನ್ನಿಂದ ಅವನಿಗೆ ಆಗಬೇಕಾದದ್ದು ಏನೂ ಇಲ್ಲ."

ವಾಮದೇವಯ್ಯನವರು ಶಿಷ್ಯನ ಮುಖ ನೋಡಿದರು.

"ಮತ್ತೆ ದಿನಾ ಯಾಕೆ ಕರೆಯುತ್ತಾನಪ್ಪಾ?"