ಅಂಗೈಯಗಲದ ತೂತು

ಕೇಳಿದವರಿಗೆ ನಗು, ಹೆತ್ತವಳಿಗೆ ನಡುಕ. ಅಂಥದೊಂದು ಕತೆ ಇದು.

ಒಂದು ಪೇಟೆಯಲ್ಲಿ ಹೊಂಬಮ್ಮ ಅಂತ ಒಬ್ಬಳಿದ್ದಳು. ಗ್ಯಾರೇಜುಗಳ ಬೀದಿಯಲ್ಲಿ ಮಜ್ಜಿಗೆ ಮಾರಿ ಬದುಕುತ್ತಿದ್ದಳು. ಅವಳಿಗೊಬ್ಬನೇ ಮಗ, ಚೆಲುವ. ಆಳು ಕಂಬದಷ್ಟು ಎತ್ತರ, ಕೈ ಮೊರದಷ್ಟು ಅಗಲ, ಬುದ್ಧಿ ಮಾತ್ರ ಸಾಸಿವೆ ಕಾಳಿನಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ಗುಣ. ಅದೇ ಅವನ ರೋಗ.

ಒಂದು ಗ್ಯಾರೇಜಿನಲ್ಲಿ "ಟೈರಿನ ಗಾಳಿ ನೋಡೋ" ಅಂದರು. ಚೆಲುವ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸಂಜೆಯವರೆಗೂ ನೋಡಿದ. "ಗಾಳಿ ಕಾಣಿಸ್ತಾನೇ ಇಲ್ಲ ಸಾರ್!" ಅಂದ. ಓಡಿಸಿದರು. ಇನ್ನೊಂದರಲ್ಲಿ "ಇಂಜಿನ್ನಿಗೆ ಒಂಚೂರು ನೀರು ತೋರಿಸೋ" ಅಂದರು. ಬಿಂದಿಗೆ ಹೊತ್ತುಕೊಂಡು ಹೋಗಿ ತೋರಿಸಿ ವಾಪಸ್ಸು ತಂದ. "ತೋರಿಸಿದೆ ಸಾರ್, ಅದು ತಿರುಗೂ ನೋಡಲಿಲ್ಲ!" ಅಲ್ಲಿಂದಲೂ ಓಡಿಸಿದರು.

ಕೊನೆಗೆ ಉಳಿದದ್ದು ಖಲಂದರ್ ಸಾಬರ ಗ್ಯಾರೇಜು ಒಂದೇ. "ಇದೂ ತಪ್ಪಿದರೆ? ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರಪ್ಪಾ ದಿಕ್ಕು?" ಅಂತ ಹೊಂಬಮ್ಮನ ಎದೆ ಡವಡವ. ಅತ್ತ ಏನಾದರೂ ಧಡ್ ಅಂದರೆ ಇತ್ತ ಅವಳ ಕೈಯ ಮಜ್ಜಿಗೆ ಲೋಟ ತುಳುಕುತ್ತಿತ್ತು.

ಸಾಬರ ಹತ್ತಿರ ಒಂದು ಹಳೇ ಕಾರು ಬಂದಿತ್ತು. ಸ್ಟೀರಿಂಗಿನ ಮುಂದೆ ಮೀಟರು ಕೂರಿಸುವ ಡ್ಯಾಶ್‌ಬೋರ್ಡು ಪುಡಿಯಾಗಿತ್ತು. ಸಾಬರು ಫೈಬರ್‌ಗ್ಲಾಸಿನಲ್ಲಿ, ಅಂದರೆ ಗಾಜಿನ ನಾರಿನ ಬಟ್ಟೆಗೆ ಅಂಟು ಬಳಿದು, ಹೊಸದನ್ನು ಅಚ್ಚು ತೆಗೆದು, ತಿಕ್ಕಿ ನುಣುಪು ಮಾಡಿ ಕೂರಿಸಿದ್ದರು. ಮೀಟರಿಗೆ ತೂತು ಕೊರೆಯುವುದು ಬಾಕಿ.

"ಚೆಲುವಾ, ಇಲ್ಲಿ ಅಂಗೈಯಗಲ ತೂತು ಕೊರಿಯೋ" ಅಂದರು.

ಸಾಬರದು ಪುಟ್ಟ ಅಂಗೈ. ಚೆಲುವ ತನ್ನ ಮೊರದಂಥ ಕೈ ಇಟ್ಟು, ಸುತ್ತ ಗೆರೆ ಎಳೆದು, ಕರಕರ ಕೊರೆದ. ಮೀಟರು ಇಟ್ಟರೆ ಬಾವಿಗೆ ಬಿದ್ದ ಕೊಡದ ಹಾಗೆ ಒಳಕ್ಕೆ ಬಿತ್ತು.

"ಯಾ ಅಲ್ಲಾ! ಇದು ತೂತಲ್ಲವೋ, ಬಾಗಿಲು! ನಾಳೆ ಕಾರಿನ ಯಜಮಾನರು ಬರ್ತಾರೆ!"

ಕೂಗು ಕೇಳಿ ಹೊಂಬಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಹೇಳಿದ ಹಾಗೇ ಮಾಡಿದೆನಲ್ಲವ್ವಾ!" ಅಂದ ಮಗ.

"ಅಯ್ಯೋ ಪೆದ್ದು ಮುಂಡೇದೆ! ಸಾಬರು ಏನು ಹೇಳ್ತಾರೆ ಅಂತ ಅವರ ಮುಖ ನೋಡಿ ತಿಳ್ಕೋಬೇಕು. ಇನ್ಮೇಲೆ ಅವರ ಮುಖ ನೋಡಿ ಕೆಲಸ ಮಾಡು!"

"ಹೂಂ ಕಣವ್ವಾ."

ಸಾಬರು ತಲೆ ಕೆರೆದುಕೊಂಡರು. ದೊಡ್ಡ ತೂತನ್ನು ಪೂರ್ತಿ ಮುಚ್ಚಿ, ಗಟ್ಟಿಯಾದ ಮೇಲೆ ಚಿಕ್ಕದಾಗಿ ಕೊರೆಯಬೇಕು, ಬೇರೆ ದಾರಿಯಿಲ್ಲ. "ಮೊದಲು ಮುಂದುಗಡೆ ಟೇಪು ಅಂಟಿಸು" ಅಂದರು.

ಚೆಲುವ ಸಾಬರ ಮುಖ ನೋಡಿಕೊಂಡೇ ಅಂಟಿಸಿದ. ಸಾಬರು ಅತ್ತ ಹೋದರೆ ಅತ್ತ ನೋಡಿದ, ಇತ್ತ ಬಂದರೆ ಇತ್ತ ನೋಡಿದ. ಟೇಪು ಮುಗಿಯಿತು. ಸ್ಟೀರಿಂಗು ಮುಚ್ಚಿತ್ತು, ಹಾರ್ನು ಮುಚ್ಚಿತ್ತು, ಬೀಗದ ಕೈ ಹಾಕುವ ಕಂಡಿ ಮುಚ್ಚಿತ್ತು. ತೂತು ಮಾತ್ರ ಬಾಯಿ ಬಿಟ್ಟುಕೊಂಡೇ ಇತ್ತು.

"ಹೇಳಿದ ಹಾಗೇ ಮಾಡಿದೆನಲ್ಲವ್ವಾ!"

"ನನ್ನ ಹೊಟ್ಟೆ ಉರಿಸಬೇಡವೋ! ಅವರ ಮುಖ ಕಟ್ಟಿಕೊಂಡು ಏನಾಗಬೇಕು? ಅವರು ಹೇಳಿದ ಜಾಗಕ್ಕೆ ಹೋಗಿ ಕೆಲಸ ಮಾಡು!"

"ಹೂಂ ಕಣವ್ವಾ."

ಸಾಬರು ತಾವೇ ಟೇಪು ಕಿತ್ತು ತೂತಿಗೆ ಅಂಟಿಸಿದರು. ಗಾಜಿನ ನಾರಿನ ಬಟ್ಟೆ ಕೊಟ್ಟು, ಅಂಟು ಕಲಸಿಕೊಟ್ಟು, "ಇನ್ನು ಹಿಂದಿನಿಂದ ಮುಚ್ಚು" ಅಂತ ಹೇಳಿ ನಮಾಜಿಗೆ ಹೋದರು. ಚೆಲುವ ಕಾರಿನ ಹಿಂದಕ್ಕೆ ಹೋದ. ಡಿಕ್ಕಿಯ ಬಾಗಿಲ ಸುತ್ತ ಬಟ್ಟೆ ಹಾಸಿ ಅಂಟು ಬಳಿದ. ಸಾಬರು ಬರುವಷ್ಟರಲ್ಲಿ ಡಿಕ್ಕಿ ಕಲ್ಲಾಗಿತ್ತು. ಒಳಗೆ ಅವರ ಊಟದ ಕ್ಯಾರಿಯರು!

"ಹೊಂಬಮ್ಮಕ್ಕಾ! ಕರ್ಕೊಂಡು ಹೋಗು ನಿನ್ನ ಮಗನ್ನ! ಕೆಲಸದಿಂದ ತೆಗೆದುಬಿಟ್ಟೆ!"

ಹೊಂಬಮ್ಮ ಸೆರಗೊಡ್ಡಿ ನಿಂತಳು. "ಹಾಗನ್ನಬೇಡಿ ಅಣ್ಣಾ. ಈ ಬೀದಿಯಲ್ಲಿ ಇನ್ನು ಯಾವ ಬಾಗಿಲು ತಟ್ಟಲಿ? ನೀವೂ ಕೈಬಿಟ್ಟರೆ ಇವನು ಬೀದಿಪಾಲು. ಇದೊಂದು ಸಲ..."

ಅವಳ ಕಣ್ಣು ನೋಡಿ ಸಾಬರು ಮೆತ್ತಗಾದರು. "ಇದೇ ಕೊನೆ ಅಕ್ಕ. ತೂತು ಮುಚ್ಚಿದರೆ ಇರ್ತಾನೆ, ಇಲ್ಲಾಂದ್ರೆ ಹೋಗ್ತಾನೆ."

ಮರುದಿನ ಬೆಳಿಗ್ಗೆ ಹೊಂಬಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು. "ನೋಡು, ಅದು ಹಲಸಿನ ಮೇಣದಂಥ ಅಂಟು. ಕೈಗೆ ಎಣ್ಣೆ ಹಚ್ಚಿಕೋ. ತೂತಿನ ಹತ್ತಿರಾನೇ ಇರು. ಗಟ್ಟಿಯಾಗೋವರೆಗೂ ಕೈ ತೆಗೀಬೇಡ. ತಿಳೀತೇ?"

"ಹೂಂ ಕಣವ್ವಾ."

ಅವಳು ಮಜ್ಜಿಗೆ ಮಾರಿದಳು, ಕಿವಿಯೆಲ್ಲ ಗ್ಯಾರೇಜಿನ ಕಡೆಗೆ. ಧಡ್ ಇಲ್ಲ, ಕೂಗಿಲ್ಲ. ಸದ್ದಿಲ್ಲದಿದ್ದದ್ದೇ ಅವಳಿಗೆ ಹೆಚ್ಚು ಭಯ. ಮಡಕೆ ಬಿಟ್ಟು ಓಡಿದಳು.

ಚೆಲುವ ಸೀಟಿನಲ್ಲಿ ಮಹಾರಾಜನ ಹಾಗೆ ಕೂತಿದ್ದ. ಬಲಗೈ ತೂತಿನೊಳಗೆ. ಸುತ್ತ ನಾರುಬಟ್ಟೆ, ಮೇಲೆ ಅಂಟು, ಎಲ್ಲ ಕಲ್ಲಿನ ಹಾಗೆ.

"ಅಳತೆ ಎಷ್ಟು ಸರಿಯಾಗಿದೆ ನೋಡವ್ವಾ! ಒಂದು ಇರುವೆ ಕೂಡ ನುಸುಳಲ್ಲ!"

ಹೊಂಬಮ್ಮ ಮಗನನ್ನು ಹಿಡಿದಳು, ಹೊಂಬಮ್ಮನನ್ನು ಮುಟ್ಟಲು ಸಂಕೋಚವಾಗಿ ಸಾಬರು ಅವನು ಕೂತ ಸೀಟನ್ನು ಹಿಡಿದರು. ಎಳೆದರು, ಎಳೆದರು. ಎಣ್ಣೆ ಹಚ್ಚಿದ ಕೈ, ಪಳಕ್ ಅಂತ ಬಂತು! "ಸದ್ಯ, ಬದುಕಿದೆ" ಅಂತ ಹೊಂಬಮ್ಮ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ತೂತು ಮಾತ್ರ ಮತ್ತೆ ತೂತೇ. ಸಾಬರು ಗೊಣಗುತ್ತಾ ತಾವೇ ಹೊಸ ಬಟ್ಟೆ ಹಾಸಿದರು, ಹೊಸ ಅಂಟು ಬಳಿದರು. ಅಷ್ಟರಲ್ಲಿ ಹೊರಗೆ ಕಾರಿನ ಯಜಮಾನರ ದನಿ.

"ಅಕ್ಕಾ, ಬೇಗ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸು. ನಾನು ಮಾತಾಡಿಸ್ತೀನಿ. ಲೋ ಚೆಲುವಾ, ಅಂಟು ಹಸಿ ಇದೆ. ಮತ್ತೆ ಆ ಕೈ ಇಟ್ಟೀಯಾ, ಹುಷಾರ್!"

ಯಜಮಾನರು ಮಜ್ಜಿಗೆ ಕುಡಿದರು. ಮಳೆ ಬೆಳೆ ಮಾತಾಡಿದರು. ಇನ್ನೊಂದು ಲೋಟ ಕುಡಿದರು. ಆಮೇಲೆ ಕಾರಿನ ಬಾಗಿಲು ತೆಗೆದರು.

ಚೆಲುವ ಎಣ್ಣೆ ಹಚ್ಚಿದ ಬಲಗೈಯನ್ನು ಜೋಪಾನವಾಗಿ ಮೇಲೆತ್ತಿ ಹಿಡಿದಿದ್ದ. ಎಡಗೈ ತೂತಿನೊಳಗೆ, ಸುತ್ತ ಅಂಟು ಆಗಲೇ ಕಲ್ಲು.

"ಆ ಕೈ ಇಡಬೇಡ ಅಂದ್ರು, ಇಡಲಿಲ್ಲ. ಇದು ಈ ಕೈ!"

ಹೊಂಬಮ್ಮ ಬಗ್ಗಿ ನೋಡಿದಳು. "ಮಗನೇ... ಈ ಕೈಗೂ ಎಣ್ಣೆ ಹಚ್ಚಿದ್ದೀಯಾ?"

"ನೀನು ಕೈಗೆ ಅಂದೆ. ಎರಡೂ ಕೈಗೆ ಅನ್ನಲಿಲ್ಲವಲ್ಲವ್ವಾ!"

ಸಾಬರು ಎಳೆದರು, ಯಜಮಾನರು ಎಳೆದರು, ಬೀದಿಯವರೆಲ್ಲ ಬಂದು ಎಳೆದರು. ಜಪ್ಪಯ್ಯ ಅಂದರೂ ಬರಲಿಲ್ಲ. ಸಾಬರು ನೆಲದ ಮೇಲೆ ಕೂತು ತಲೆ ಮೇಲೆ ಕೈ ಹೊತ್ತರು.

"ಅಕ್ಕಾ, ಇನ್ನು ನೀನು ಹೆದರಬೇಡ. ನಿನ್ನ ಮಗನ್ನ ಕೆಲಸದಿಂದ ತೆಗೀಬೇಕು ಅಂದ್ರೂ ತೆಗಿಯೋಕೆ ಬರ್ತಿಲ್ಲ!"

ಕಾರು ಅಲ್ಲೇ ಇದೆ, ಚೆಲುವ ಕಾರಿನಲ್ಲೇ ಇದ್ದಾನೆ. ಹೊಂಬಮ್ಮ ಮಾತ್ರ ಮಜ್ಜಿಗೆ ಮಡಕೆ ಕೆಳಗಿಟ್ಟು ಎಣ್ಣೆ ಹುಡುಕಿಕೊಂಡು ಮನೆಮನೆ ಅಲೆಯುತ್ತಿದ್ದಾಳೆ. ನಿಮ್ಮ ಮನೆಗೆ ಬಂದರೆ ಒಂದು ಮಿಳ್ಳೆ ಎಣ್ಣೆ ಕೊಟ್ಟು ಕಳಿಸಿ. ಎರಡೂ ಕೈಗೆ ಅಂತ ಹೇಳಿ ಕಳಿಸಿ.