ಹಿರೇಬೆಣಚಿಯ ಸಕ್ಕರೆ ಬಾವಿ

ತುಂಗಭದ್ರೆಯ ದಂಡೆಯಿಂದ ಎರೆಹೊಲಗಳ ನಡುವೆ ಬರುವ ರಸ್ತೆ ಹಿರೇಬೆಣಚಿಯನ್ನು ಹೊಗುವ ಮೊದಲು ಒಂದು ದೊಡ್ಡ ಬಾವಿಯನ್ನು ಬಳಸಿಕೊಂಡು ಹೋಗುತ್ತದೆ. ಬಸ್ಸು ಇಲ್ಲಿ ನಿಲ್ಲುತ್ತದೆ. ಕಂಡಕ್ಟರ್ ‘ಸಕ್ಕರೆ ಬಾವಿ’ ಎಂದು ಕೂಗಿದಾಗ ಹೊಸಬರು ಯಾರಾದರೂ ಇಳಿದು, ಹೆಸರಿಗೆ ಮನಸೋತು ಒಂದು ಬೊಗಸೆ ಕುಡಿದು ಮುಖ ಕಿವುಚುವುದುಂಟು. ನೀರು ಅಪ್ಪಟ ಸವಳು. ದನಕರುಗಳಿಗೆ, ಬಟ್ಟೆ ಒಗೆಯಲಿಕ್ಕೆ ಆದೀತೇ ಹೊರತು ಇದರಲ್ಲಿ ಬೇಳೆ ಕೂಡ ಬೇಯುವುದಿಲ್ಲ. ಹಿಂದೆ ಸಿಹಿಯಾಗಿದ್ದ ನೀರು ಒಬ್ಬ ಜಂಗಮನ ಶಾಪದಿಂದ ಸವಳಾಯಿತು ಎಂದು ಕೆಲವರು ಎನ್ನುತ್ತಾರೆ. ಅದು ಬಸ್ಸಿಗೆ ಕಾಯುವವರು ಕಟ್ಟಿದ ಮಾತು. ನಾನು ಕೇಳಿ ಬಲ್ಲದ್ದು ಬೇರೆ. ಈ ಹೆಸರು ಹುಟ್ಟಲು ಕಾರಣವಾದ ದಿನ ಇಲ್ಲಿಗೆ ಕೊಡ ಹೊತ್ತು ತಂದ ಹೆಂಗಸರಲ್ಲಿ ನನ್ನ ಅಜ್ಜಿಯೂ ಒಬ್ಬಳಾಗಿದ್ದಳು.

ಹಿಂದೆ ಒಮ್ಮೆ, ಇಂಗ್ಲಿಷರ ಸರಕಾರ ಬಂಗಾಲವನ್ನು ಎರಡಾಗಿ ಸೀಳಿದ ಕಾಲದಲ್ಲಿ, ಈ ಊರಿನಲ್ಲಿ ಸೋಮಪ್ಪ ಶೆಟ್ಟರೆಂಬ ವ್ಯಾಪಾರಿ ಇದ್ದರು. ಕಾಳುಕಡಿಯ ದೊಡ್ಡ ಅಂಗಡಿ, ಒಬ್ಬಳೇ ಮಗಳು ನೀಲವ್ವ. ಊರಿಗೆ ಕುಡಿಯುವ ನೀರು ಸಿಗಲೆಂದು ಅವರೇ ಈ ಬಾವಿಯನ್ನು ತೋಡಿಸಿದ್ದರು. ಸವಳು ನೀರು ಬಿದ್ದಾಗ ಜನ ಒಳಗೊಳಗೇ ನಕ್ಕಿದ್ದರು. ಶೆಟ್ಟರ ಹೆಂಡತಿ ಗುರುಸಿದ್ದವ್ವನ ತವರು ಹೊಳೆಯಾಚೆಯ ಕೊಂಬಿಹಳ್ಳಿ. ಈ ದಂಡೆಯಲ್ಲಿ ನಿಂತರೆ ಅಲ್ಲಿಯ ಗುಡಿಯ ಶಿಖರ ಕಾಣುತ್ತಿತ್ತು. ಎರಡೂ ಕಡೆಯವರ ಮಾತು ಒಂದೇ, ನೆಂಟಸ್ತಿಕೆ ಒಂದೇ. ಆದರೆ ಸರಕಾರದ ನಕಾಶೆಯಲ್ಲಿ ಹೊಳೆಯ ಈಚೆಯದು ಮುಂಬಯಿ ಇಲಾಖೆ, ಆಚೆಯದು ಮದ್ರಾಸು. ಅದಕ್ಕೂ ಕೆಲವು ವರ್ಷ ಮೊದಲು, ಪ್ಲೇಗು ಹಬ್ಬಿದಾಗ, ಗುರುಸಿದ್ದವ್ವನ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಗಾಡಿ ಕಟ್ಟಿಕೊಂಡು ಹೊರಟವಳನ್ನು ಪ್ಲೇಗಿನ ಕಾವಲುಗಾರರು ಹರಿಗೋಲು ಹತ್ತಗೊಡಲಿಲ್ಲ. ಮುಂಬಯಿ ಕಡೆಯವರು ಮದ್ರಾಸಿನ ನೆಲ ಮೆಟ್ಟಲು ಅಲ್ಲಿಯ ಅಪ್ಪಣೆ ಬೇಕು, ಇಲ್ಲಿಯ ಚೀಟಿ ನಡೆಯದು ಎಂದರು. ಅಪ್ಪಣೆ ಬರುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಅಂದಿನಿಂದ ಆಕೆ ಹೊಳೆಯ ಕಡೆ ಮುಖ ಮಾಡಿ ಕುಳಿತು ಉಣ್ಣುತ್ತಿರಲಿಲ್ಲವಂತೆ.

ನೀಲವ್ವನ ಮದುವೆ ತಾಲೂಕು ಕಚೇರಿಯ ಕಾರಕೂನ ವೀರಬಸಪ್ಪನವರ ಮಗನೊಡನೆ ಗೊತ್ತಾಗಿತ್ತು. ಸರಕಾರಿ ಮನೆತನದ ಬೀಗರು ಸಿಕ್ಕರೆಂದು ಶೆಟ್ಟರು ಹಿಗ್ಗಿದ್ದರು. ಬುಂದಿ ಲಾಡು ಮಾಡಿಸಬೇಕೆಂದು ಪರದೇಶದ ಬಿಳಿ ಸಕ್ಕರೆಯ ಚೀಲಗಳನ್ನು ತರಿಸಿ ಕೋಣೆಯಲ್ಲಿ ಒಟ್ಟಿಸಿದ್ದರು. ಆಗಲೇ ಊರಿಗೆ ಒಬ್ಬ ಕೀರ್ತನಕಾರ ಬಂದದ್ದು. ಹಣಮಪ್ಪನ ಗುಡಿಯ ಮುಂದೆ ದಾನಶೂರ ಕರ್ಣನ ಕಥೆ ಹೇಳುತ್ತ ಹೇಳುತ್ತ, ಆತ ಮಾತನ್ನು ಬಂಗಾಲಕ್ಕೆ ತಿರುಗಿಸಿದ. ಅಲ್ಲಿಯ ಜನ ಎಷ್ಟು ಬೇಡಿಕೊಂಡರೂ ಕೇಳದೆ ನಾಡನ್ನು ಸೀಳಿದ್ದಾರೆ, ಆ ದಿನ ಅಲ್ಲಿ ಒಲೆ ಹೊತ್ತಿಸಲಿಲ್ಲ, ಒಬ್ಬರ ಕೈಗೆ ಒಬ್ಬರು ರಾಖಿ ಕಟ್ಟಿ ನಾವು ಬೇರೆಯಲ್ಲ ಎಂದರು, ಪರದೇಶದ ಬಟ್ಟೆ ಸಕ್ಕರೆ ಮುಟ್ಟುವುದಿಲ್ಲವೆಂದು ಆಣೆ ಮಾಡಿದರು ಎಂದ. ಕೇಳಿದವರು ಪಾಪ ಎಂದು ಎದ್ದು ಹೋದರು. ಗುರುಸಿದ್ದವ್ವ ಎಲ್ಲರೂ ಹೋದ ಮೇಲೂ ಅಲ್ಲಿಯೇ ಕುಳಿತಿದ್ದಳು. ಮನೆಗೆ ಬಂದವಳೇ ಗಂಡನಿಗೆ, ಆ ಸಕ್ಕರೆ ಮದುವೆಗೆ ಬೇಡ ಎಂದಳು.

ಶೆಟ್ಟರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. “ಬಂಗಾಲದವರು ನಮಗೇನು ಆಗಬೇಕು?” ಎಂದು ಕೇಳಿದರು.

“ನಮ್ಮವ್ವ ಸಾಯೂ ಹೊತ್ತಿನ್ಯಾಗ ನನ್ನ ದಂಡಿ ಮ್ಯಾಲ ನಿಲ್ಲಿಸಿದ್ರಲ್ಲ,” ಎಂದಳು ಗುರುಸಿದ್ದವ್ವ. “ಆ ಗೆರಿ ಎಳದವರಿಗೂ ನಾ ಏನೂ ಆಗಬೇಕಾಗಿರಲಿಲ್ಲ.”

ಶೆಟ್ಟರು ಎದ್ದು ಸಕ್ಕರೆಯ ಕೋಣೆಗೆ ಕೀಲಿ ಹಾಕಿದರು. ಆದರೆ ಸುದ್ದಿ ಮನೆಯೊಳಗೆ ಉಳಿಯಲಿಲ್ಲ. ವೀರಬಸಪ್ಪನವರು ತಾವೇ ಕುದುರೆಯ ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ, ಅಂಜಿದ ಮನುಷ್ಯರು. ಬಂಗಾಲದ ಗುಲ್ಲು ಎಬ್ಬಿಸುವವರ ಮೇಲೆ ಮೇಲಿನವರ ಕಣ್ಣಿದೆ, ತಾಲೂಕಿನ ದೊಡ್ಡ ಅಧಿಕಾರಿ ಮಾಮಲೇದಾರರೇ ಊಟಕ್ಕೆ ಬರುವವರಿದ್ದಾರೆ, ಬೆಲ್ಲದ ಹುಗ್ಗಿ ಬಡಿಸಿದರೆ ಸಕ್ಕರೆ ಬಿಟ್ಟದ್ದು ಎಲೆ ನೋಡಿದ ಕೂಡಲೇ ಅವರಿಗೆ ತಿಳಿಯುತ್ತದೆ, ತಮ್ಮ ನೌಕರಿ ಹೋಗುತ್ತದೆ ಎಂದು ತಿಳಿಸಿ ಹೇಳಿದರು. ಪಂಕ್ತಿಯಲ್ಲಿ ಸಕ್ಕರೆಯ ಲಾಡು ಬೀಳಬೇಕು, ಇಲ್ಲವಾದರೆ ಮದುವೆ ಇಲ್ಲ. ಗುರುಸಿದ್ದವ್ವ ಆಗ ನಿಜವಾಗಿಯೂ ಕುಸಿದಳು. ತನ್ನ ನೋವಿಗೆ ಮಗಳ ಬಾಳನ್ನು ಒತ್ತೆಯಿಡುವುದು ಯಾವ ನ್ಯಾಯ ಎಂದು ಅವಳಿಗೆ ಅನಿಸಿತು. ಮಗಳನ್ನು ಕರೆದು, ನಿನ್ನ ಸಲುವಾಗಿ ನಾನು ಸುಮ್ಮನಾಗುತ್ತೇನೆ ಎಂದಳು. ನೀಲವ್ವ ಕುಸುಬಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, “ಯವ್ವಾ, ನೀ ಸುಮ್ಮನಾದ್ರ ನಾಳೆ ನಿನಗ ಆರಾಮ ಇಲ್ಲ ಅಂದಾಗ ನನ್ನ ಕಳಸ್ರಿ ಅಂತ ಆ ಮನ್ಯಾಗ ಹೆಂಗ ಕೇಳ್ಲಿ?” ಎಂದಳು. ಪಡಸಾಲೆಯಲ್ಲಿ ಅದನ್ನು ಕೇಳಿಸಿಕೊಂಡ ಬೀಗರು ಚಹಾ ಮುಟ್ಟದೆ ಎದ್ದರು.

ಸಕ್ಕರೆಯನ್ನು ಮಾರಿಬಿಡೋಣ ಎಂದರು ಶೆಟ್ಟರು. ನಾವು ಬಿಟ್ಟದ್ದನ್ನು ಇನ್ನೊಬ್ಬರ ಬಾಯಿಗೆ ಹಾಕುವುದೇ ಎಂದಳು ಹೆಂಡತಿ. ಮರುದಿನ ಬೆಳಗ್ಗೆ ಶೆಟ್ಟರು ಕೋಣೆಯ ಕೀಲಿಯನ್ನು ತಂದು ಆಕೆಯ ಮುಂದೆ ಇಟ್ಟು ಅಂಗಡಿಗೆ ಹೋದರು. ಓಣಿಯ ಹೆಂಗಸರು ಕೊಡ ತುಂಬಿ ಹೊತ್ತು ತಂದು, ಹೇಗೂ ಕುಡಿಯಲು ಬಾರದ ಈ ಬಾವಿಗೆ ಸಕ್ಕರೆಯನ್ನು ಸುರಿದರು. ಸುರಿಯುವಾಗ ಯಾರೂ ಜಯಕಾರ ಹಾಕಲಿಲ್ಲ. ಸೋಬಾನೆ ಹಾಡಬೇಕಾಗಿದ್ದ ಬಾಯಿಗಳು ಸುಮ್ಮನಿದ್ದವು ಎಂದು ಅಜ್ಜಿ ಹೇಳುತ್ತಿದ್ದಳು. ಚಾಡಿ ಕೇಳಿ ಪೊಲೀಸ್ ಫೌಜದಾರ ಬಂದ. ಸರಕಾರದ ವಿರುದ್ಧ ಸಕ್ಕರೆ ಸುರಿದ ಗುರುತು ಬೇಕೆಂದು ನೀರು ಸೇದಿಸಿ ತಾನೇ ಕುಡಿದು ನೋಡಿದ. ಸವಳೋ ಸವಳು. ಮತ್ತೊಂದು ಬದಿಯಿಂದ ಸೇದಿಸಿದ. ಕೊನೆಗೆ ಇಲ್ಲಿ ಸಕ್ಕರೆಯ ಸುಳಿವಿಲ್ಲವೆಂದು ಹೇಳಿ, ಬಾಯಿ ಮುಕ್ಕಳಿಸಲು ಸಿಹಿನೀರು ಬೇಡಿ, ಶೆಟ್ಟರ ಮನೆಯ ಮುಂದೆಯೇ ಕುಳಿತ ಎನ್ನುತ್ತಾರೆ.

ಅಲ್ಲಿಗೆ ಊರು ನಕ್ಕಿತು, ಆದರೆ ಶೆಟ್ಟರ ಮನೆಯ ಕಷ್ಟ ಮುಗಿಯಲಿಲ್ಲ. ಮುರಿದ ಸಂಬಂಧ ಮುರಿದೇ ಹೋಯಿತು. ಸರಕಾರಕ್ಕೆ ಬೇಡಾದ ಮನೆಯೆಂದು ಬೇರೆ ವರಗಳೂ ಹಿಂಜರಿದವು. ಸವಳಿಗೆ ಸಕ್ಕರೆ ಸುರಿದ ಶ್ಯಾಣ್ಯಾ ಎಂದು ಸಂತೆಯಲ್ಲಿ ಜನ ಸೋಮಪ್ಪನವರನ್ನು ಆಡಿಕೊಳ್ಳುತ್ತಿದ್ದರು. ‘ಸಕ್ಕರೆ ಬಾವಿ’ ಎಂಬುದು ಹೀಗೆ ಹಾಸ್ಯಕ್ಕೆ ಹುಟ್ಟಿದ ಹೆಸರು. ಅದು ಕಿವಿಗೆ ಬಿದ್ದಾಗಲೆಲ್ಲ ಅವರು ತಲೆ ತಗ್ಗಿಸಿ ನಡೆಯುತ್ತಿದ್ದರು. ಕಡೆಗೆ ಹೊಳೆಯಾಚೆಯ ಒಂದು ಒಕ್ಕಲು ಮನೆಯವರು ತಾವಾಗಿ ಕೇಳಿಕೊಂಡು ಬಂದು ನೀಲವ್ವನನ್ನು ತಂದುಕೊಂಡರು. ಮದುವೆಯ ಊಟ ಗೋಧಿಹುಗ್ಗಿ. ಪ್ಲೇಗಿನ ಕಾವಲು ಅಷ್ಟರಲ್ಲಿ ಎದ್ದುಹೋಗಿತ್ತು. ಗುರುಸಿದ್ದವ್ವ ಹರಿಗೋಲಿನಲ್ಲಿ ಮಗಳ ಜೊತೆ ಕುಳಿತು ಹೊಳೆ ದಾಟಿದಳು. ಆಚೆ ದಂಡೆಯಲ್ಲಿ ಇಳಿದು ಬಹಳ ಹೊತ್ತು ಅತ್ತಳು.

ಕೆಲವು ವರ್ಷಗಳು ಉರುಳಿ, ಸೀಳಿದ ಬಂಗಾಲವನ್ನು ಸರಕಾರವೇ ಮತ್ತೆ ಕೂಡಿಸಿತೆಂಬ ಸುದ್ದಿ ಪೇಟೆಯ ಗಾಡಿಗಳೊಡನೆ ಬಂತು. ಸೋಮಪ್ಪ ಶೆಟ್ಟರು ಅಂದು ಅಂಗಡಿ ತೆರೆಯಲಿಲ್ಲ. ಕಲ್ಲುಕುಟಿಗನನ್ನು ಕರೆದುಕೊಂಡು ಬಾವಿಗೆ ಹೋದರು. ತೋಡಿಸಿದವರ ಹೆಸರು, ತಂದೆಯ ಹೆಸರು ಏನೆಂದು ಕೆತ್ತಲಿ ಎಂದು ಆತ ರೂಢಿಯಂತೆ ಕೇಳಿದ. ಅದೊಂದೂ ಬೇಡ, ಜನ ನನ್ನನ್ನು ನೋಡಿ ನಕ್ಕ ಆ ಹೆಸರನ್ನೇ ಕೆತ್ತು ಎಂದರು ಶೆಟ್ಟರು.

ಇಂದಿಗೂ ಬಾವಿಯ ಮೂಡಣ ಬದಿಯಲ್ಲಿ, ಹಗ್ಗ ಉಜ್ಜಿ ನುಣುಪಾದ ಕಟ್ಟೆಯ ಪಕ್ಕದಲ್ಲಿ, ಆ ಕಲ್ಲು ನಿಂತಿದೆ. ಅದರ ಮೇಲೆ ಇಸವಿ ಇಲ್ಲ, ಧಣಿಯ ಹೆಸರಿಲ್ಲ, ದೇವರ ಹೆಸರೂ ಇಲ್ಲ. ದಪ್ಪ ಅಕ್ಷರಗಳಲ್ಲಿ ‘ಸಕ್ಕರೆ ಬಾವಿ’ ಎಂದಷ್ಟೇ ಇದೆ. ಹೊಳೆಯಾಚೆಯಿಂದ ಈ ಊರಿಗೆ ಸೊಸೆಯಾಗಿ ಬರುವವರು ಮನೆ ತುಂಬುವ ಮೊದಲು ಗಾಡಿ ನಿಲ್ಲಿಸಿ, ಆ ಅಕ್ಷರಗಳಿಗೆ ಕುಂಕುಮ ಹಚ್ಚಿ ಮುಂದೆ ಹೋಗುತ್ತಾರೆ.