ಕಡಲಮ್ಮ ವಾಪಸ್ ಕೊಟ್ಟ ಕೊಡ

ಆಗಿನ್ನೂ ಭೂಮಿ ಹೊಸದು. ಬೆಟ್ಟಗಳ ಮೈಬಿಸಿ ಕೂಡ ಆರಿರಲಿಲ್ಲ. ಮಳೆ ಬಂದದ್ದು ಒಂದೇ ಒಂದು ಸಲ.

ಆ ಮಳೆಗೆ ದುಗ್ಗಜ್ಜಿಯ ಅಂಗಳದಲ್ಲಿ ಒಂದು ಸೋರೆಬಳ್ಳಿ ಹುಟ್ಟಿತು. ಇಡೀ ಲೋಕಕ್ಕೆ ಅದೊಂದೇ ಸೋರೆಬಳ್ಳಿ. ಅದರಲ್ಲಿ ಹೆಬ್ಬೆರಳಿನಷ್ಟು ಒಂದೇ ಒಂದು ಮಿಡಿ. ಮಿಡಿ ಬಲಿತರೆ ಬೀಜ, ಬೀಜವಾದರೆ ಎಲ್ಲರ ಮನೆಗೂ ಬಳ್ಳಿ. ಇದು ಒಣಗಿತೋ, ಸೋರೆಕಾಯಿ ಎಂಬುದೇ ಇಲ್ಲ!

ಬಳ್ಳಿ ಬಾಡತೊಡಗಿತು. ಅಜ್ಜಿ ಅಂಗಳಕ್ಕೆ ಓಡಿಬಂದು ಆಕಾಶಕ್ಕೆ ಮುಖ ಎತ್ತಿದಳು.

"ಮುಗಿಲಣ್ಣಾ, ಇನ್ನೊಂದು ಕೊಡ ಸುರಿಯೋ!" ಎಂದು ಕೂಗಿದಳು.

ಮುಗಿಲಣ್ಣ ಮುಖ ಊದಿಸಿಕೊಂಡಿದ್ದ. "ಎಲ್ಲಿಂದ ಸುರಿಯಲಿ ಅಜ್ಜಿ? ಇದ್ದದ್ದನ್ನೆಲ್ಲ ಸುರಿದೆ. ಕೊಡಗಳ ಸಮೇತ ಎಲ್ಲವೂ ಕಡಲಮ್ಮನ ಮನೆ ಸೇರಿತು. ಒಂದಾದರೂ ತಿರುಗಿ ಬಂತಾ, ಕೇಳು!"

ದುಗ್ಗಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಡಲಿನ ಕಡೆ ದಡದಡ ನಡೆದಳು.

"ಏನೇ ಕಡಲಮ್ಮ, ನೆರೆಮನೆಯ ಪಾತ್ರೆ ಇಟ್ಟುಕೊಂಡು ಕೂರುವುದಾ? ನಮ್ಮಲ್ಲಿ ಪಾಯಸ ಬಂದ ಪಾತ್ರೆಯನ್ನು ತೊಳೆದು, ಏನಾದರೂ ಹಾಕಿ ವಾಪಸ್ ಕೊಡುತ್ತೇವೆ. ಏನೂ ಇಲ್ಲದಿದ್ದರೆ ಚಿಟಿಕೆ ಉಪ್ಪಾದರೂ ಸರಿ. ಬರೀ ಪಾತ್ರೆ ಕಳಿಸಬಾರದು!"

ಕಡಲಮ್ಮ ನಾಚಿದಳು. ಪಾಪ, ಹೊಸ ಲೋಕ, ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಗಡಬಡಿಸಿ ಕೊಡಗಳಿಗೆ ನೀರು ತುಂಬಿದಳು. ಅಜ್ಜಿ ಹೇಳಿದ್ದಾರಲ್ಲ ಎಂದು ಉಪ್ಪನ್ನೂ ಹಾಕಿದಳು. ಚಿಟಿಕೆಯಲ್ಲ, ಹಿಡಿ ಹಿಡಿ! ಸೂರ್ಯಣ್ಣ ಏದುಸಿರು ಬಿಡುತ್ತ ಅವನ್ನೆಲ್ಲ ಮೇಲಕ್ಕೆ ಹೊತ್ತ.

ಮಳೆ ಬಂತು. ಅಜ್ಜಿ ಕುಣಿದಾಡಿ ನಾಲಿಗೆ ಚಾಚಿದಳು.

ಥೂ! ಉಪ್ಪುಪ್ಪು!

ಬಳ್ಳಿಯ ಎಲೆಗಳು ಮುರುಟಿಕೊಂಡವು. ಅಜ್ಜಿ ಮಿಡಿಯನ್ನು ಸೆರಗಿನಿಂದ ಮುಚ್ಚಿ ಅತ್ತೇಬಿಟ್ಟಳು. ಆಮೇಲೆ ಮತ್ತೆ ಕಡಲಿನ ಕಡೆ ಓಡಿದಳು.

"ಅಯ್ಯೋ ಮಾರಾಯ್ತಿ, ಉಪ್ಪುನೀರಿಗೆ ಬಳ್ಳಿ ಬದುಕುತ್ತದಾ?"

ಕಡಲಮ್ಮನಿಗೆ ಅಳುವೇ ಬಂತು. "ಉಪ್ಪಾದರೂ ಸರಿ ಅಂತ ನೀವೇ ಹೇಳಿದ್ದಲ್ವಾ ಅಜ್ಜಿ?"

ಅಜ್ಜಿ ತಲೆ ಚಚ್ಚಿಕೊಂಡಳು. "ಹೌದಮ್ಮ, ಹೇಳಿದ್ದು ನಾನೇ. ತುಂಬಿದ ಕೊಡಕ್ಕೆ ಉಪ್ಪು ಯಾಕೆ? ಉಪ್ಪು ನಿನಗೇ ಇರಲಿ. ನೀರು ಕಳಿಸು."

"ಬದುಕಿಸಿದಿರಿ ಅಜ್ಜಿ!" ಎಂದ ಸೂರ್ಯಣ್ಣ, ಸೊಂಟ ಹಿಡಿದುಕೊಂಡು. "ನೀರಾದರೆ ಆವಿ ಮಾಡಿ ಹಗುರಾಗಿ ಎತ್ತಿಬಿಡುತ್ತೇನೆ. ಉಪ್ಪು ಹೊರುವುದು ಮಾತ್ರ ನನ್ನ ಕೈಲಾಗದು."

ಈ ಸಲ ಸಿಹಿ ಮಳೆ ಬಂತು. ಮೂರು ದಿನ ಸುರಿದು ಅಂಗಳದ ಉಪ್ಪನ್ನೆಲ್ಲ ತೊಳೆಯಿತು. ನಾಲ್ಕನೆಯ ದಿನ ಬಳ್ಳಿಯ ತುದಿಯಲ್ಲಿ ಒಂದು ಚಿಗುರು ಇಣುಕಿತು. ಮಿಡಿ ಉಳಿಯಿತು!

ಆ ಮಳೆನೀರು ತುಂಬಿಕೊಂಡು ಕಡಲಿಗೆ ಹೊರಟ ಹೊಳೆಯನ್ನು ಅಜ್ಜಿ ಬಾಗಿಲಲ್ಲೇ ತಡೆದಳು. "ನಿಲ್ಲೇ, ಬರಿಗೈಲಿ ಹೋಗಬೇಡ" ಎಂದು ಬೆಟ್ಟದ ಕಲ್ಲಿನ ಉಪ್ಪನ್ನು ಒಂದು ಚಿಟಿಕೆ ಕೊಟ್ಟು ಕಳಿಸಿದಳು. ಹೊಳೆ ಇಂದಿಗೂ ಅಷ್ಟಷ್ಟು ಒಯ್ಯುತ್ತಲೇ ಇದೆ.

ಅದಕ್ಕೇ ಪುಟ್ಟಾ, ಕಡಲಲ್ಲಿ ಆಡಿ ಬಂದು ಬಿಸಿಲಿಗೆ ನಿಂತರೆ ನಿನ್ನ ಕೈಮೇಲೆ ಬೆಳ್ಳಗೆ ಉಪ್ಪು ಉಳಿಯುತ್ತದೆ. ನೀರನ್ನು ಮಾತ್ರ ಸೂರ್ಯಣ್ಣ ಎತ್ತಿಕೊಂಡು ಹೋಗಿರುತ್ತಾನೆ, ಯಾರದೋ ಅಂಗಳದ ಸೋರೆಬಳ್ಳಿಗೆ.